ಹೊಸ ಕಾಲು

ಮಾರ್ಚ್ ೪, ಮಂಗಳವಾರ

ಕೊನೆಗೂ ಗಾಡಿ ಮನೆಗೆ ಬಂತು. ಎರಡೇ ಸೀಟಿನ, ಮೂಗು ಮುಂದಕ್ಕೆ ಚಾಚಿದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಹಳೇ ಸ್ಪೋರ್ಟ್ಸ್ ಕಾರು. ಕಡುಹಸಿರು ಬಣ್ಣ, ಅಲ್ಲಲ್ಲಿ ಮಾಸಿದೆ. ನನಗಿಂತ ನಾಲ್ಕೈದು ವರ್ಷ ಚಿಕ್ಕದಿರಬೇಕು, ಅಷ್ಟೇ. ತಂಗಿ ಗೇಟಿನ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

"ಅಕ್ಕಾ, ಇದ್ರಲ್ಲಿ ತರಕಾರಿ ಚೀಲ ಎಲ್ಲಿಡ್ತೀಯ?"

"ತರಕಾರಿಗೆ ನಿನ್ನ ಸ್ಕೂಟರ್ ಇದೆಯಲ್ಲ" ಅಂದೆ.

ಇಪ್ಪತ್ತು ವರ್ಷಗಳ ಮೇಲಾಯಿತು, ಡ್ರೈವಿಂಗ್ ಶಾಲೆಯ ಕಾರಿನ ಪಕ್ಕದ ಸೀಟಿನಲ್ಲೇ ಕೂತು ಬದುಕಿದ್ದೇನೆ. ಸ್ಟಿಯರಿಂಗ್ ಇನ್ನೊಬ್ಬರದು, ಜೀವ ನನ್ನದು. ನನ್ನ ಕಾಲಡಿ ಇರುವುದು ಹೆಚ್ಚುವರಿ ಬ್ರೇಕು ಮಾತ್ರ. ಅದಕ್ಕೇ ಕಲಿಯಲು ಬರುವವರು ನನಗೆ ಬ್ರೇಕ್ ಮೇಡಂ ಎಂದು ಹೆಸರಿಟ್ಟಿರುವುದು. ಇನ್ನು ಭಾನುವಾರಗಳಲ್ಲಾದರೂ ನಾನೇ ಓಡಿಸಬೇಕು. ಪಕ್ಕದಲ್ಲಿ ಯಾರೂ ಇರಬಾರದು. ಯಾರಿಗೂ "ಕ್ಲಚ್ಚು, ಕ್ಲಚ್ಚು" ಎಂದು ಕೂಗಬಾರದು. ಅಷ್ಟೇ ಆಸೆ.

ಗಾಡಿ ಕೊಟ್ಟವರು ಪೇಟೆಯ ಆಚೆ ತುದಿಯ ಒಬ್ಬ ವಯಸ್ಸಾದವರು. "ನನಗಿನ್ನು ಕಣ್ಣು ಸಾಲದು. ನೀವು ಕಲಿಸೋರು, ಚೆನ್ನಾಗಿ ನೋಡ್ಕೊಳ್ತೀರ" ಎಂದು ಕೀ ಕೈಗಿಟ್ಟರು.

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ಒಬ್ಬಳೇ ಹೊರಟೆ. ಪೇಟೆ ದಾಟಿ ಗೋದಾಮುಗಳ ಸಾಲಿನ ಉದ್ದ ರಸ್ತೆ ಸಿಗುವವರೆಗೆ ಸುಖವಾಗಿತ್ತು. ಅಲ್ಲಿ ಮೂರನೇ ಗೇರಿಗೆ ಹಾಕಿ ಒಂದೇ ವೇಗ ಹಿಡಿದೆ. ಆಗ ಶುರುವಾಯಿತು. ನನ್ನ ಕಾಲು ಅಲ್ಲಾಡಿಲ್ಲ. ಇಂಜಿನ್ ಮಾತ್ರ ಊಂ ಎಂದು ಏರಿತು, ಬೆದರಿದಂತೆ ಇಳಿಯಿತು, ಮತ್ತೆ ಏರಿತು. ಗಾಡಿ ಬಿಕ್ಕಿ ಬಿಕ್ಕಿ ಮುಂದೆ ಹೋಗುತ್ತಿತ್ತು. ಹಿಂದಿನ ಲಾರಿಯವನು ಹಾರ್ನ್ ಬಾರಿಸಿ, ಪಕ್ಕಕ್ಕೆ ಬಂದು, "ಕಲೀತಾ ಇದೀರಾ ಮೇಡಂ?" ಎಂದು ಕೇಳಿ ಹೋದ. ನನ್ನನ್ನು!

ಸಿಟ್ಟು ಬಂದದ್ದು ನಿಜ. ಆದರೆ ಅವನ ಮಾತಿನಲ್ಲಿ ತಪ್ಪಿಲ್ಲ. ಮೊದಲ ವಾರ ಎಲ್ಲರೂ ಓಡಿಸುವುದು ಹೀಗೇ. ಒತ್ತುತ್ತಾರೆ, ಸದ್ದಿಗೆ ಹೆದರಿ ಬಿಡುತ್ತಾರೆ, ಗಾಡಿ ನಿಂತೇ ಹೋಗುತ್ತದೇನೋ ಎಂದು ಮತ್ತೆ ಒತ್ತುತ್ತಾರೆ. ಶಾಲೆಯಲ್ಲಿ ನಾವು ಅದಕ್ಕೆ ‘ಹೊಸ ಕಾಲು’ ಅನ್ನುತ್ತೇವೆ. ಈಗ ನನ್ನ ಹತ್ತಿರ ಕಲಿಯುತ್ತಿರುವ ದರ್ಜಿಯಾಕೆಯದು ಅದರಲ್ಲೂ ಒಂದು ಕೈ ಮೇಲು. ಹೊಲಿಗೆ ಯಂತ್ರ ತುಳಿದು ರೂಢಿಯಾದ ಕಾಲು. ಪಾಠ ಮುಗಿಯುವವರೆಗೂ ನನ್ನ ಕಾಲು ಬ್ರೇಕಿನ ಮೇಲೇ ಇರುತ್ತದೆ.

ಮಾರ್ಚ್ ೧೨, ಬುಧವಾರ

ನಾಳೆರಾಯನ ಗ್ಯಾರೇಜಿಗೆ ಬಿಟ್ಟೆ. ಅವನ ನಿಜವಾದ ಹೆಸರು ಬೇರೆ. ಯಾವಾಗ ಕೇಳಿದರೂ "ನಾಳೆ ಕೊಡ್ತೀನಿ" ಅನ್ನುತ್ತಾನೆಂದು ಶಾಲೆಯ ಯಜಮಾನರು ಇಟ್ಟ ಹೆಸರಿದು. ಕಾರ್ಬುರೇಟರ್ ಇರುವ ಹಳೇ ಗಾಡಿಗೆ ಈಗ ಕೈ ಹಾಕುವವನು ಅವನೊಬ್ಬನೇ, ಹಾಗಾಗಿ ಸಹಿಸಿಕೊಳ್ಳಬೇಕು.

"ರೇಸ್ ತಾನಾಗೇ ಏರಿ ಇಳೀತಿದೆ ಅಂದ್ರೆ ಎರಡೇ ಮೇಡಂ. ಪೆಟ್ರೋಲ್ ಸರಿಯಾಗಿ ಬರ್ತಿಲ್ಲ, ಇಲ್ಲಾ ಗಾಳಿ ಕಳ್ಳದಾರೀಲಿ ಒಳಗೆ ಹೋಗ್ತಿದೆ."

"ಯಾವುದು?"

"ನಾಳೆ ಹೇಳ್ತೀನಿ."

ಮಾರ್ಚ್ ೧೫, ಶನಿವಾರ

ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ್ದಾನೆ. ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದಾನೆ. ಟ್ಯಾಂಕಿನ ಮುಚ್ಚಳದ ಸಣ್ಣ ತೂತು ಕಟ್ಟಿಕೊಂಡಿದೆಯೇ ಎಂದೂ ನೋಡಿದ. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಪೈಪುಗಳ ಮೇಲೆಲ್ಲ ಸೋಪುನೀರು ಚಿಮುಕಿಸುತ್ತಾ ಬಂದ. ಒಂದು ಕಡೆ ನೀರು ಬಿದ್ದದ್ದೇ ತಡ, ಇಂಜಿನ್ ಸದ್ದು ಬದಲಾಯಿತು.

"ಸಿಕ್ಕಿಬಿದ್ದ ಕಳ್ಳ!" ಎಂದು ಕೂಗಿದ. ರಬ್ಬರ್ ಪೈಪಿನಲ್ಲಿ ಕೂದಲೆಳೆಯಷ್ಟು ಸೀಳು. ಅಲ್ಲಿಂದ ಗಾಳಿ ನುಗ್ಗುತ್ತಿತ್ತಂತೆ. ಹೊಸ ಪೈಪು ಹಾಕಿದ. ಇಂಜಿನ್ ನಿದ್ದೆ ಮಾಡುವ ಬೆಕ್ಕಿನ ಹಾಗೆ ಗುರ್ ಎನ್ನತೊಡಗಿತು. ಮನೆಗೆ ಬರುವಾಗ ನನಗೆ ತಿಳಿಯದೆಯೇ ಏನೋ ಗುನುಗುತ್ತಿದ್ದೆ.

ಮಾರ್ಚ್ ೧೬, ಭಾನುವಾರ

ಮತ್ತೆ ಅದೇ. ಗೋದಾಮಿನ ರಸ್ತೆಯಲ್ಲಿ, ಅದೇ ಬಿಕ್ಕಳಿಕೆ.

ಮಾರ್ಚ್ ೨೦, ಗುರುವಾರ

ಇವತ್ತು ನಡೆದದ್ದನ್ನು ಆದಷ್ಟು ನೆಟ್ಟಗೆ ಬರೆದಿಡುತ್ತೇನೆ.

ಗ್ಯಾರೇಜಿಗೆ ಹೋಗಿ ನಾಳೆರಾಯನಿಗೆ ಗಾಡಿ ಕೊಟ್ಟೆ. ಅವನು ಓಡಿಸಿದ, ಏನೂ ಇಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಓಡಿಸಿದೆ. ಆಗಲೂ ಏನೂ ಇಲ್ಲ. ಡಾಕ್ಟರ ಮನೆ ಬಾಗಿಲಲ್ಲಿ ಹಲ್ಲುನೋವು ನಿಂತ ಹಾಗೆ. ಅವನು ಕೈ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡದೆ ಹೇಳಿದ: "ತಪ್ಪು ತಿಳ್ಕೋಬೇಡಿ ಮೇಡಂ. ನೀವು ಒಬ್ರೇ ಇದ್ದಾಗ ಮಾತ್ರ ಅಂತೀರ. ಕಾಲೇನಾದ್ರೂ..."

ಮಾತು ಮುಗಿಸಲು ಬಿಡಲಿಲ್ಲ. ಊರಿನ ಅರ್ಧ ಜನಕ್ಕೆ ಕಾಲಿಡುವುದು ಕಲಿಸಿದವಳು ನಾನು.

ವಾಪಸು ಬರುವಾಗ ಬೇಕೆಂದೇ ಗೋದಾಮಿನ ರಸ್ತೆಗೆ ತಿರುಗಿಸಿದೆ. ಶುರುವಾಯಿತು. ಗೋಡೆಯ ಪಕ್ಕ ನಿಲ್ಲಿಸಿ ಗೇರು ತೆಗೆದೆ. ಸದ್ದು ಏರಿ ಇಳಿಯುತ್ತಲೇ ಇತ್ತು. ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂತು ಕೆಳಗೆ ನೋಡಿದೆ. ಮಟಮಟ ಮಧ್ಯಾಹ್ನದ ಬಿಸಿಲು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಆಕ್ಸಿಲರೇಟರ್ ಪೆಡಲು ಮೆಲ್ಲಗೆ ಕೆಳಗೆ ಹೋಯಿತು. ಅಲ್ಲೇ ಸ್ವಲ್ಪ ನಡುಗಿತು. ಮೇಲೆ ಬಂತು. ಮತ್ತೆ ಕೆಳಗೆ ಹೋಯಿತು.

ಕೀ ತಿರುಗಿಸಿ ಆರಿಸಿದೆ. ಗಾಡಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆ. ತಂಗಿಗೆ ಪೆಟ್ರೋಲ್ ಮುಗಿಯಿತು ಎಂದು ಹೇಳಿದೆ.

ಮಾರ್ಚ್ ೨೪, ಸೋಮವಾರ

ಗಾಡಿಯನ್ನು ಗ್ಯಾರೇಜಿಗೆ ಎಳೆಸಿ, ಕಂಡದ್ದನ್ನು ಹೇಳಿದೆ. ನಾಳೆರಾಯ ನಕ್ಕುಬಿಟ್ಟ. ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್‌ಗಳು ಸವೆದು ಹೋಗಿವೆಯಂತೆ. ಇಂಜಿನ್ ಅಲ್ಲಾಡಿದಾಗಲೆಲ್ಲ ಕೇಬಲ್ ಎಳೆಯುತ್ತದೆ, ಕೇಬಲ್ ಪೆಡಲನ್ನು ಎಳೆಯುತ್ತದೆ. ರೇಸ್ ಏರುತ್ತದೆ, ಇಂಜಿನ್ ಇನ್ನಷ್ಟು ಅಲ್ಲಾಡುತ್ತದೆ. "ದೆವ್ವ ಅಂದ್ಕೊಂಡ್ರಾ ಮೇಡಂ?"

ಹಾಗೇ ಇರಬೇಕು. ಹೊಸ ಮೌಂಟಿಂಗ್, ಹೊಸ ಕೇಬಲ್ ಎರಡೂ ಹಾಕಿಸಿದೆ. ಈಗ ಬದಲಾಯಿಸಲು ಉಳಿದಿರುವುದು ಬಣ್ಣ ಮಾತ್ರ.

ಮಾರ್ಚ್ ೨೯, ಶನಿವಾರ

ಬಿಕ್ಕಳಿಕೆ ಹೋಗಿಲ್ಲ. ಹೊಸ ಕೇಬಲ್ಲಿಗೂ ಅದೇ.

ಗಾಡಿ ಕೊಟ್ಟವರನ್ನೇ ಕೇಳೋಣ, ಹಿಂದೆ ಏನೇನು ರಿಪೇರಿಯಾಗಿತ್ತೋ ಗೊತ್ತಾಗಲಿ ಎಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಹೊರಗೆ ಖಾಲಿ ಶೆಡ್ಡು, ನೆಲದ ಮೇಲೆ ಆಯಿಲ್ ಕಲೆ. ಅವರು ಗೌರವದಿಂದಲೇ ಕೂರಿಸಿದರು. "ರೇಸ್ ಏರಿಳಿಯೋದಾ? ನನ್ನ ಕೈಲಿ ಒಂದು ದಿನವೂ ಹಾಗಾಗಿಲ್ಲವಲ್ಲ" ಎಂದರು. ಒಳಗೆ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು. ಅವರು ಎದ್ದರು, ನಾನೂ ಜೊತೆಗೆ ಎದ್ದೆ.

ಒಳಕೋಣೆಯ ಮಂಚದ ಮೇಲೆ ಒಬ್ಬ ಹೆಂಗಸು ಅಂಗಾತ ಮಲಗಿದ್ದರು. ಬೆಳ್ಳಗಿನ ಕೂದಲನ್ನು ಯಾರೋ ಅಚ್ಚುಕಟ್ಟಾಗಿ ಬಾಚಿದ್ದರು. ಕಣ್ಣು ಅರೆ ತೆರೆದಿತ್ತು, ನೋಟವಿರಲಿಲ್ಲ. ಪಕ್ಕದಲ್ಲಿ ನೋಡಿಕೊಳ್ಳುವಾಕೆ ಬಿದ್ದ ಲೋಟ ಎತ್ತುತ್ತಿದ್ದಳು.

"ನನ್ನ ಹೆಂಡತಿ" ಎಂದರು ಹಿರಿಯರು. "ಎರಡು ವರ್ಷದಿಂದ ಹೀಗೇ. ಮಾತಿಲ್ಲ, ಕತೆಯಿಲ್ಲ."

ನನ್ನ ಕಣ್ಣು ಹೊದಿಕೆಯ ತುದಿಗೆ ಹೋಗಿತ್ತು. ಬಲಗಾಲು. ಹೊದಿಕೆಯಡಿ ಪಾದ ಮೆಲ್ಲಗೆ ಮುಂದಕ್ಕೆ ಬಾಗುತ್ತಿತ್ತು, ಅಲ್ಲೇ ಸ್ವಲ್ಪ ನಡುಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು.

"ಇವರು ಆ ಗಾಡಿ ಓಡಿಸ್ತಿದ್ರಾ?" ಎಂದು ಕೇಳಿದೆ.

"ಇವಳಾ? ಛೆ ಛೆ. ಪಕ್ಕದಲ್ಲಿ ಕೂತ್ಕೊಳ್ಳೋಳು. ನಂಗೂ ಕಲಿಸಿ, ನಂಗೂ ಕಲಿಸಿ ಅಂತ ತಲೆ ತಿನ್ನೋಳು. ಕ್ಲಚ್ ಸುಟ್ಟುಹಾಕ್ತಾಳೆ ಅಂತ ನಾನು ಬಿಡಲಿಲ್ಲ." ಅವರು ನಕ್ಕರು. ಹಳೆಯ ತಮಾಷೆಯನ್ನು ಹೇಳುವವರ ಹಾಗೆ, ಹೆಂಡತಿಯ ಕಡೆ ತಿರುಗಿ.

ನೋಡಿಕೊಳ್ಳುವಾಕೆ ಗೇಟಿನವರೆಗೆ ಬಂದಳು. "ಕಾಲು ನೋಡಿದ್ರಲ್ಲಾ ಅಕ್ಕ? ನರದ ಸೆಳೆತ ಅಂತಾರೆ ಡಾಕ್ಟ್ರು. ಗಾಡಿ ಮಾರಿದ ಮೇಲೇ ಶುರುವಾಗಿದ್ದು. ಒಂದೊಂದಿನ ಇರೋದೇ ಇಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ನಿಲ್ಲೋದೇ ಇಲ್ಲ ನೋಡಿ."

ಅವಳಿಗೆ ನನ್ನ ಫೋನ್ ನಂಬರ್ ಕೊಟ್ಟು ಬಂದೆ. ಯಾಕೆ ಕೊಟ್ಟೆನೋ.

ಮಾರ್ಚ್ ೩೦, ಭಾನುವಾರ

ಹೋಗಬಾರದು ಎಂದುಕೊಂಡೇ ಹೋದೆ.

ಗೋದಾಮಿನ ರಸ್ತೆ ಖಾಲಿಯಿತ್ತು. ಇಂಜಿನ್ ಏರತೊಡಗಿದಾಗ ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಆದರೆ ಬಾಯಿ ನನ್ನ ಮಾತು ಕೇಳಬೇಕಲ್ಲ. ಇಪ್ಪತ್ತು ವರ್ಷದ ರೂಢಿ. "ಮೆಲ್ಲಗಮ್ಮಾ" ಎಂದುಬಿಟ್ಟೆ. "ಹಿಮ್ಮಡಿ ನೆಲಕ್ಕೆ ಊರಿ. ಹೆಬ್ಬೆರಳಲ್ಲಿ ಮಾತ್ರ ಒತ್ತಿ. ಕಾಲಡಿ ಮೊಟ್ಟೆ ಇದ್ದ ಹಾಗೆ."

ಸದ್ದು ನಿಂತಲ್ಲೇ ನಿಂತಿತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಆಮೇಲೆ ಬಹಳ ಹುಷಾರಾಗಿ, ಹೆದರಿ ಹೆದರಿ, ಒಂದಿಷ್ಟೇ ಇಷ್ಟು ಏರಿತು.

"ಹಾಂ, ಹಾಗೆ" ಅಂದೆ.

ಏಪ್ರಿಲ್ ೩, ಗುರುವಾರ

ಪ್ರತಿದಿನ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಹೊರಡುತ್ತೇನೆ. ಏನು ಗ್ರಹಿಕೆ! ದರ್ಜಿಯಾಕೆಗೆ ಒಂದು ತಿಂಗಳಲ್ಲಿ ತಲೆಗೆ ಹತ್ತದೇ ಇದ್ದದ್ದು ಇಲ್ಲಿ ಒಂದೇ ಬೆಳಿಗ್ಗೆಗೆ ಹತ್ತಿತು. ಒಂದು ಸಲ ಹೇಳಿದರೆ ಸಾಕು. ತಪ್ಪಾದರೆ ತಕ್ಷಣ ಕಾಲು ಹಿಂದಕ್ಕೆ, ಬೈದೇನೋ ಎಂಬಂತೆ. ನಾನು ಬೈಯುವುದಿಲ್ಲ.

ತಂಗಿ ಸಂಜೆ ನಮ್ಮ ಶೆಡ್ಡಿಗೆ ಬಂದು, "ಯಾರ ಜೊತೆ ಮಾತಾಡ್ತಾ ಇದ್ದೆ ಅಕ್ಕಾ?" ಎಂದಳು. ಗಾಡಿ ಒರೆಸುತ್ತಾ ಮಾತಾಡುತ್ತಿದ್ದೆನಂತೆ. ಅವಳು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳ ಪ್ರಕಾರ ಜಗತ್ತಿನ ಎಲ್ಲ ಪ್ರಶ್ನೆಗೂ ಉತ್ತರ ಒಂದು ಸೀಸೆ ರಕ್ತದಲ್ಲಿದೆ. ಕೂರಿಸಿ ಸೂಜಿ ಚುಚ್ಚಿಯೇ ಬಿಟ್ಟಳು.

ಏಪ್ರಿಲ್ ೫, ಶನಿವಾರ

ರಕ್ತದಲ್ಲಿ ಏನೂ ಇಲ್ಲ. ತಂಗಿಗೆ ಬೇಜಾರಾಗಿದೆ.

ನಾಳೆರಾಯ ತಾನಾಗಿಯೇ ಫೋನ್ ಮಾಡಿದ್ದ. "ಮೇಡಂ, ರಾತ್ರಿಯೆಲ್ಲಾ ಅದೇ ತಲೇಲಿ. ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಒಳಗೆ ಸಣ್ಣ ಸ್ಪ್ರಿಂಗ್ ಇರುತ್ತೆ, ಅದು ಸಡಿಲ ಆಗಿದ್ರೂ ರೇಸ್ ಕುಣಿಯುತ್ತೆ. ತಂದುಬಿಡಿ, ಇವತ್ತೇ ನೋಡ್ತೀನಿ." ಅವನ ಬಾಯಲ್ಲಿ ‘ಇವತ್ತೇ’ ಎಂಬ ಮಾತು ನಾನು ಕೇಳಿದ್ದು ಇದೇ ಮೊದಲು.

"ಬೇಡಪ್ಪಾ, ಬಹಳ ಸುಧಾರಿಸಿದ್ದಾರೆ" ಅಂದೆ.

"ಯಾರು?" ಎಂದ.

ಏಪ್ರಿಲ್ ೮, ಮಂಗಳವಾರ

ಶಾಲೆಯಲ್ಲಿ ರಾದ್ಧಾಂತ. ಇವತ್ತು ದರ್ಜಿಯಾಕೆಯ ಲೈಸೆನ್ಸ್ ಪರೀಕ್ಷೆ ಇತ್ತಂತೆ, ನಾನು ಕಾರು ತೆಗೆದುಕೊಂಡು ಹೋಗಬೇಕಿತ್ತಂತೆ. ಬಿಸಿಲಲ್ಲಿ ಕಾದು ಕಾದು ಅಳುತ್ತಾ ಮನೆಗೆ ಹೋದಳು. ಯಜಮಾನರು ಎಲ್ಲರೆದುರು ಕೂಗಾಡಿದರು. "ಏನಾಗಿದೆ ನಿಮಗೆ? ಇಷ್ಟು ವರ್ಷದಲ್ಲಿ ಒಂದು ದಿನ ಹೀಗೆ ಮಾಡಿದೋರಲ್ಲ." ಸ್ವಲ್ಪ ದಿನ ರಜೆ ಹಾಕಿ ಎಂದರು. ಒಳ್ಳೆಯದೇ ಆಯಿತು. ಬೆಳಗಿನ ಪಾಠಕ್ಕೆ ಸಮಯ ಸಾಲುತ್ತಿರಲಿಲ್ಲ.

ದರ್ಜಿಯಾಕೆಗೆ ಇನ್ನೊಂದು ಸಲ ಪರೀಕ್ಷೆ ಕೊಡುತ್ತಾರೆ. ಅವಳಿಗೆ ಇನ್ನೂ ವಯಸ್ಸಿದೆ.

ಏಪ್ರಿಲ್ ೧೧, ಶುಕ್ರವಾರ

ನೋಡಿಕೊಳ್ಳುವಾಕೆಯ ಫೋನ್. "ಅಕ್ಕಾ, ಅಮ್ಮನ ಕಾಲು ಈಗ ಎಷ್ಟು ನಿಧಾನ ಗೊತ್ತಾ? ಅದರೋದೇ ಇಲ್ಲ. ಬೆಳಿಗ್ಗೆ ಹೊತ್ತು ಮುಖ ನೋಡಿದ್ರೆ ನಗ್ತಾ ಇರೋ ಹಾಗೇ ಇರುತ್ತೆ. ಆದ್ರೆ ಊಟ ಒಳಗೆ ಇಳೀತಿಲ್ಲ." ಡಾಕ್ಟರು ಬಂದು ಹೋದರಂತೆ, ಹೆಚ್ಚೇನೂ ಹೇಳಲಿಲ್ಲವಂತೆ.

ನಾಳೆ ತಿರುವಿನಲ್ಲಿ ವೇಗ ತಗ್ಗಿಸುವುದನ್ನು ಹೇಳಿಕೊಡಬೇಕು. ಬೇಗ ಬೇಗ ಮುಗಿಸಬೇಕು.

ಏಪ್ರಿಲ್ ೧೫, ಮಂಗಳವಾರ

ಬೆಳಿಗ್ಗೆ ತೀರಿಹೋದರಂತೆ. ನಾವು ರಸ್ತೆಯಲ್ಲಿದ್ದಾಗಲೇ. ಕೊನೆಯ ತಿರುವಿನಲ್ಲಿ ಎಷ್ಟು ಚೆನ್ನಾಗಿ ಕಾಲು ತೆಗೆದರು ಎಂದು ಹೊಗಳುತ್ತಿದ್ದೆ. ಉತ್ತರ ಬರಲಿಲ್ಲ. ಪೆಡಲು ನನ್ನ ಕಾಲಡಿ ಬರೀ ಕಬ್ಬಿಣವಾಗಿತ್ತು.

ಹೋಗಿ ನೋಡಿಬಂದೆ. ಎರಡೂ ಪಾದ ಜೋಡಿಸಿ ಇಟ್ಟಿದ್ದರು. ಹಿರಿಯರು ನನ್ನನ್ನು ಗುರುತು ಹಿಡಿದು, "ಗಾಡಿ ಸರಿಹೋಯ್ತಾ?" ಎಂದು ಕೇಳಿದರು. ಪಾಪ, ಕೇಳಲು ಬೇರೇನೂ ತೋಚಿರಲಿಲ್ಲ.

ಏಪ್ರಿಲ್ ೧೭, ಗುರುವಾರ

ತಂಗಿಯೇ ನಾಳೆರಾಯನನ್ನು ಮನೆಗೆ ಕರೆಸಿದ್ದಳು. ಅವನು ಆ ಸ್ಪ್ರಿಂಗ್ ಬದಲಾಯಿಸಿ, ಇಂಜಿನ್ ಹಾಕಿ, ಬಾನೆಟ್ಟಿನ ಮೇಲೆ ನೀರು ತುಂಬಿದ ಲೋಟ ಇಟ್ಟ. ಒಂದು ಹನಿ ತುಳುಕಲಿಲ್ಲ. "ನೋಡಿ ಮೇಡಂ! ಸ್ಪ್ರಿಂಗೇ ಕಾರಣ." ತಂಗಿ ಚಪ್ಪಾಳೆ ತಟ್ಟಿದಳು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು, ನಾನು ಏನೋ ಹೇಳಬೇಕೆಂಬಂತೆ.

ಆ ಲೋಟ ನೋಡಲಾಗದೆ ಒಳಗೆ ಬಂದೆ.

ಏಪ್ರಿಲ್ ೨೨, ಮಂಗಳವಾರ

ಏನೂ ಇಲ್ಲ. ಗಾಡಿ ಸರಿಯಾಗಿದೆ.

ಏಪ್ರಿಲ್ ೨೭, ಭಾನುವಾರ

ಬೆಳಿಗ್ಗೆ ಶೆಡ್ಡಿನಲ್ಲೇ ಇಂಜಿನ್ ಹಾಕಿದೆ. ಓಡಿಸಲು ಮನಸ್ಸಾಗಲಿಲ್ಲ. ಚಾಲಕನ ಸೀಟಿನಲ್ಲಿ ಕೂತರೆ ಯಾರದೋ ಜಾಗ ಕಿತ್ತುಕೊಂಡಂತೆ ಮುಜುಗರ. ಇಳಿದು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತೆ. ಆ ಗಾಡಿಯಲ್ಲಿ ನಾನು ಅಲ್ಲಿ ಕೂತದ್ದು ಅದೇ ಮೊದಲು. ಬೆನ್ನಿಗೆ ಎಷ್ಟು ಹಿತವಾಗಿತ್ತೆಂದರೆ ಕಣ್ಣಲ್ಲಿ ನೀರು ಬಂತು.

ತುಂಬ ಹೊತ್ತು ಹಾಗೇ ಕೂತಿದ್ದೆ. ಆಮೇಲೆ ಪಾಠ ಶುರುಮಾಡುವಾಗ ಹೇಳುವ ಹಾಗೆ, "ಕ್ಲಚ್ಚು" ಅಂದೆ.

ಕ್ಲಚ್ ಪೆಡಲು ಪೂರ್ತಿ ಕೆಳಗೆ ಹೋಯಿತು. ನೆಲ ಮುಟ್ಟುವವರೆಗೆ. ಇದುವರೆಗೆ ಬರೀ ಬಲಗಾಲು ಬರುತ್ತಿತ್ತು. ಈಗ ಎರಡೂ ಕಾಲು ಬಂದಿವೆ.

ಮೇ ೪, ಭಾನುವಾರ

ಇವತ್ತು ಬೀದಿಗೆ ಇಳಿದೆವು. ಗೇಟು ತೆರೆದು, ಇಂಜಿನ್ ಹಾಕಿ, ನಾನು ನನ್ನ ಜಾಗಕ್ಕೆ ಬಂದು ಕೂತೆ. ಗೇರು ಹಾಕಿಕೊಟ್ಟೆ, ಹ್ಯಾಂಡ್‌ಬ್ರೇಕ್ ಬಿಟ್ಟೆ. ಹೊರಡುವಾಗ ಗಾಡಿ ಒಂದು ಸಲವೂ ಕುಪ್ಪಳಿಸಲಿಲ್ಲ. ಇಷ್ಟು ವರ್ಷ ಕಲಿಸಿದ್ದೇನೆ, ಮೊದಲ ದಿನವೇ ಕುಪ್ಪಳಿಸದೆ ಹೊರಟವರನ್ನು ಕಂಡಿಲ್ಲ. ಸ್ಟಿಯರಿಂಗ್ ತುಸು ನಡುಗುತ್ತಿತ್ತು, ಅಷ್ಟೇ. "ದೂರ ನೋಡಿ, ಬಾನೆಟ್ ನೋಡಬೇಡಿ" ಎಂದೆ. ನಡುಕ ನಿಂತಿತು.

ಬೀದಿಯ ಅರ್ಧ ದಾಟಿದ್ದೆವು. ತಂಗಿ ಭಾನುವಾರದ ಪಾಳಿ ಮುಗಿಸಿ ನಡೆದು ಬರುತ್ತಿದ್ದಳು. ನಮ್ಮನ್ನು ನೋಡಿ ಮೊದಲು ಕೈ ಎತ್ತಿದಳು. ಆಮೇಲೆ ಎತ್ತಿದ ಕೈ ಹಾಗೇ ಉಳಿಯಿತು. ನಡುರಸ್ತೆಯಲ್ಲಿ ನಿಂತುಬಿಟ್ಟಳು. "ಬ್ರೇಕು, ಮೆತ್ತಗೆ" ಎಂದೆ. ನಿಂತಿತು. ತಂಗಿಯ ಮೊಣಕಾಲಿಗೂ ಬಂಪರಿಗೂ ನಡುವೆ ಒಂದು ಮೊಳ ಜಾಗ. ಅದಕ್ಕಿಂತ ಚೆನ್ನಾಗಿ ನಾನೂ ನಿಲ್ಲಿಸಲಾರೆ.

ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಬಾಗಿಲು ತೆಗೆದು ನನ್ನ ರಟ್ಟೆ ಹಿಡಿದು ಹೊರಗೆಳೆದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಜಾರಿತು ಅನ್ನು ಅಕ್ಕಾ. ಗಾಡಿ ಜಾರಿತು ಅಂತ ಹೇಳು."

"ಜಾರಿತು" ಅಂದೆ, ಅವಳ ಸಮಾಧಾನಕ್ಕೆ. ನಮ್ಮ ಗೇಟಿನಿಂದ ಆ ಕಡೆಗೆ ಬೀದಿ ಏರು. ಪೇಪರ್ ಹಾಕುವವನು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವಷ್ಟು ಏರು. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಕೀ ಕಿತ್ತುಕೊಂಡು ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಒಳಗಿನಿಂದ ಅಳುವ ಸದ್ದು. ಯಾಕೆ ಅಳುತ್ತಾಳೋ ತಿಳಿಯದು, ಕೂದಲೂ ಕೊಂಕಿಲ್ಲ. ನಾಳೆ ಯಾರೋ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳಂತೆ. ಹೋಗೋಣ ಅಂದೆ.

ಇಷ್ಟು ಬರೆಯುವಾಗ ಹೊರಗೆ ಇಂಜಿನ್ ಹಾಕಿದ ಸದ್ದಾಯಿತು. ಏರಿಳಿತವಿಲ್ಲ, ಒಂದೇ ಸಮ. ತಂಗಿಯ ಕೋಣೆಯಲ್ಲಿ ಅಳು ತಟ್ಟನೆ ನಿಂತಿತು. ಇನ್ನು ಬಾಕಿಯಿರುವುದು ಗಾಡಿ ಹಿಂದಕ್ಕೆ ತೆಗೆಯುವ ಪಾಠ. ಎಲ್ಲರೂ ಹೆದರುವುದು ಅಲ್ಲೇ. ಪಕ್ಕದಲ್ಲಿ ಒಬ್ಬರು ಇರಬೇಕಾಗುತ್ತದೆ. ಚಪ್ಪಲಿ ಹಾಕಿಕೊಂಡು ಹೋಗುತ್ತೇನೆ. ಕಲಿಯಲು ಬಂದವರನ್ನು ಕಾಯಿಸಬಾರದು.